ತೂಕಕ್ಕೆ ಹೋಗದ ಎಂಜಿನ್

ಪಂಢರಪುರಕ್ಕೆ ಹೊರಟ ನಮ್ಮ ಶಹಾಪುರದ ಹಿರಿಯರು ಬೆಳಗಾವಿಯಿಂದ ಮೀರಜಿನವರೆಗೆ ಒಂದು ಗಾಡಿಯಲ್ಲಿ ಹೋಗಿ, ಅಲ್ಲಿ ಇಳಿದು ಗಂಟುಮೂಟೆ ಹೊತ್ತುಕೊಂಡು ಇನ್ನೊಂದು ಸಣ್ಣ ಗಾಡಿ ಹತ್ತುತ್ತಿದ್ದರು. ಅದರ ಹಳಿಗಳ ನಡುವಿನ ಅಂತರ ಬರೀ ಎರಡೂವರೆ ಅಡಿ. ಅದು ಬಾರ್ಶಿ ಲೈಟ್ ರೈಲ್ವೆ. ಮೊದಲು ಸರಕಾರದ್ದಾಗಿರಲಿಲ್ಲ, ಲಂಡನ್ನಿನ ಒಂದು ಖಾಸಗಿ ಕಂಪನಿಯದು. ಎವರರ್ಡ್ ಕ್ಯಾಲ್‌ಥ್ರಾಪ್ ಎಂಬ ಎಂಜಿನಿಯರ್ ಹಟ ಹಿಡಿದು ಕಟ್ಟಿಸಿದ್ದು. ಎಂಜಿನ್ನಾಗಲಿ ಡಬ್ಬಿಯಾಗಲಿ, ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಎಂಬುದು ಅವನ ಲೆಕ್ಕ. ಭಾರ ಕಡಿಮೆಯಾದರೆ ಹಗುರ ಹಳಿ ಸಾಕು, ಖರ್ಚೂ ಕಡಿಮೆ. 1897ರಲ್ಲಿ ಮೊದಲ ಹಾದಿ ತೆರೆಯಿತು. ಮೀರಜಿಗೆ ಬಂದು ಮುಟ್ಟಿದ್ದು 1927ರಲ್ಲಿ. ಮೊದಲ ಎಂಜಿನ್ನುಗಳು ಇಂಗ್ಲೆಂಡಿನ ಲೀಡ್ಸ್ ಊರಿನ ಕಿಟ್ಸನ್ ಕಾರ್ಖಾನೆಯವು. 1954ರಲ್ಲಿ ಸರಕಾರ ಇಡೀ ಕಂಪನಿಯನ್ನು ಕೊಂಡುಕೊಂಡಿತು.

ನಮ್ಮ ಖಾನಾಪುರ, ಲೋಂಡಾಗಳ ಹಾದಿಯೂ ಕಂಪನಿಯೇ ಹಾಕಿಸಿದ್ದು. 1876ರಿಂದ 78ರವರೆಗಿನ ಘೋರ ಬರಗಾಲದಲ್ಲಿ, ಧಾನ್ಯ ಸಾಗಿಸಲು ದಾರಿಯಿಲ್ಲದೆ ಈ ಸೀಮೆಯ ಜನ ಸತ್ತರು. ಆ ಮೇಲೆ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1888ರ ಹೊತ್ತಿಗೆ ಗೋವೆಯ ಮುರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್‌ವರೆಗೆ ಹಳಿ ಬಂತು. ಆಗ ನಮ್ಮ ಶಹಾಪುರ ಬ್ರಿಟಿಷರ ಬೆಳಗಾವಿಗೆ ಸೇರಿರಲಿಲ್ಲ, ಸಾಂಗಲಿ ಸಂಸ್ಥಾನದ ಪೇಟೆಯಾಗಿತ್ತು. ರೈಲು ನಿಂತದ್ದು ಒಂದು ರಾಜ್ಯದಲ್ಲಿ, ಸೀರೆ ನೇಯುತ್ತಿದ್ದದ್ದು ಇನ್ನೊಂದರಲ್ಲಿ!

ಉಗಿಬಂಡಿಯೆಂದರೆ ನಮ್ಮ ಹೆಂಗಸರಿಗೆ ಮೊದಲು ನೆನಪಾಗುವುದು ಕಿಡಕಿಯಿಂದ ಹಾರಿಬಂದು ಕಣ್ಣಲ್ಲಿ ಬೀಳುತ್ತಿದ್ದ ಕಲ್ಲಿದ್ದಲ ಕಣ. ಆದರೆ ಆ ಎಂಜಿನ್ನಿನ ಒಳಮರ್ಮ ನಮಗೆ ತಿಳಿದದ್ದೇ. ನಮ್ಮ ಭಾಗದ ಬಚ್ಚಲಲ್ಲಿ ನೀರು ಕಾಸುವ ತಾಮ್ರದ ಬಂಬ ಇರುತ್ತಿತ್ತಲ್ಲ, ಅದನ್ನು ನೆನೆಯಿರಿ. ನಡುವೆ ಒಂದು ಕೊಳವೆ, ಕೆಳಗೆ ಕೆಂಡ, ಸುತ್ತ ನೀರು. ಆ ಬಂಬವನ್ನು ಅಡ್ಡ ಮಲಗಿಸಿ, ಒಂದು ಕೊಳವೆಯ ಜಾಗದಲ್ಲಿ ನೂರಾರು ಕೊಳವೆ ಇಟ್ಟು, ಬಾಯಿ ಭದ್ರವಾಗಿ ಮುಚ್ಚಿದರೆ ಎಂಜಿನ್ನಿನ ಬಾಯ್ಲರ್ ಆಯಿತು. ಬಿಸಿ ಹೊಗೆ ಕೊಳವೆಯೊಳಗೆ ಹಾಯುತ್ತದೆ, ಸುತ್ತಲಿನ ನೀರು ಕುದಿದು ಉಗಿಯಾಗುತ್ತದೆ, ಆ ಉಗಿ ಗಾಲಿ ತಿರುಗಿಸುತ್ತದೆ. ನೀರಿಲ್ಲದೆ ಉರಿ ಹಾಕಿದರೆ ಬಂಬದ ಬೆಸುಗೆ ಬಿಡುತ್ತದೆಂದು ನಮಗೆ ಹಿರಿಯರು ಹೇಳಿಕೊಡುತ್ತಿದ್ದರು. ಎಂಜಿನ್ನಿಗೂ ಅದೇ ಭಯ. ಅದಕ್ಕೇ ಉರಿಗೂಡಿನ ನೆತ್ತಿಯಲ್ಲಿ ಸೀಸದ ಒಂದು ಬಿರಡೆ ಇಟ್ಟಿರುತ್ತಾರೆ. ನೀರು ತೀರ ಇಳಿದರೆ ಸೀಸ ಕರಗಿ, ಉಗಿ ಉರಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ.

ಇಂಥ ಎಂಜಿನ್ ಎಪ್ಪತ್ತು ಎಂಬತ್ತು ವರ್ಷ ತಣ್ಣಗೆ ನಿಂತ ಮೇಲೆ ಮತ್ತೆ ಓಡೀತೆ? ಓಡಿದ್ದುಂಟು. ಅದೇ ಲೀಡ್ಸಿನ ಕಿಟ್ಸನ್ನರು 1855ರಲ್ಲಿ ಕಟ್ಟಿದ ‘ಫೇರಿ ಕ್ವೀನ್’ ಈಸ್ಟ್ ಇಂಡಿಯನ್ ರೈಲ್ವೆ ಎಂಬ ಕಂಪನಿಯದು. ಹಾವಡಾದಿಂದ ರಾಣಿಗಂಜಿಗೆ ಓಡಿತು. 1857ರ ದಂಗೆಯಲ್ಲಿ ಸೈನ್ಯದ ಗಾಡಿ ಎಳೆಯಿತು. 1909ರಲ್ಲಿ ವಿಶ್ರಾಂತಿಗೆ ಹೋಯಿತು. ಹಲವು ದಶಕ ನೋಟದ ವಸ್ತುವಾಗಿ ನಿಂತು, ಕೊನೆಗೆ ದಿಲ್ಲಿಯ ರೈಲ್ವೆ ಸಂಗ್ರಹಾಲಯ ಸೇರಿತು. ಅದನ್ನು ಮದರಾಸಿನ ಪೆರಂಬೂರು ಕಾರ್ಖಾನೆಗೆ ಒಯ್ದು ದುರಸ್ತಿ ಮಾಡಿದರು. 1997ರಲ್ಲಿ ಮುದುಕಿ ಮತ್ತೆ ಸಿಳ್ಳೆ ಹಾಕಿದಳು. ಮರುವರ್ಷ ಓಡಾಟದಲ್ಲಿರುವ ಜಗತ್ತಿನ ಅತಿ ಹಳೆಯ ಉಗಿ ಎಂಜಿನ್ ಎಂದು ಗಿನ್ನೆಸ್ ಪುಸ್ತಕ ಸೇರಿದಳು.

ಈ ದುರಸ್ತಿಯೆಂದರೆ ಬಣ್ಣ ಬಳಿಯುವುದಲ್ಲ. ಹಳೆಯ ಎಂಜಿನ್ನನ್ನು ಕಳಚಿ, ಬಾಯ್ಲರ್ ಹೊರಗೆ ತೆಗೆಯಬೇಕು. ಗಡಸು ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನಾವು ದಿನಾಲೂ ನೋಡುತ್ತೇವೆ. ಬಾಯ್ಲರಿನಲ್ಲಿ ಆ ಪೊರೆ ದಪ್ಪವಾದರೆ ಬಿಸಿ ನೀರಿಗೆ ದಾಟದೆ ಲೋಹವೇ ಸುಡುತ್ತದೆ. ಪೊರೆ ಕೆರೆದು, ತುಕ್ಕು ತಿಂದ ಕೊಳವೆಗಳನ್ನು ಬದಲಿಸಿದ ಮೇಲೆ ಮೊದಲ ಪರೀಕ್ಷೆ ತಣ್ಣೀರಿನದು. ಬಾಯ್ಲರ್ ತುಂಬ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಡುತ್ತಾರೆ. ತಣ್ಣೀರಾದರೆ ಬಿರುಕಿನಿಂದ ನೀರು ಜಿನುಗಿ ನಿಲ್ಲುತ್ತದೆ. ಉಗಿಯಾದರೆ ಸಿಡಿದು ಜೀವ ತೆಗೆಯುತ್ತದೆ. ಅದರಲ್ಲಿ ತೇರ್ಗಡೆಯಾದ ಮೇಲೇ ಉರಿ. ಆ ಉರಿಯೂ ಮೆಲ್ಲಗೆ, ತಾಸುಗಟ್ಟಲೆ. ಅವಸರ ಮಾಡಿದರೆ ಒಂದೆಡೆ ಹಿಗ್ಗಿ, ಒಂದೆಡೆ ಹಿಗ್ಗದೆ ಬೆಸುಗೆಗಳು ಬಿಡುತ್ತವೆ.

ಸರಕಾರದ ಕೈಯಲ್ಲಿದ್ದರೆ ಹೀಗೆ. ಒಬ್ಬ ಮನುಷ್ಯನೇ ಇದನ್ನು ತಲೆಯ ಮೇಲೆ ಹೊತ್ತುಕೊಂಡರೆ? ಇಂಗ್ಲೆಂಡಿನ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಕಥೆ ಕೇಳಿ. 1923ರಲ್ಲಿ ಕಟ್ಟಿದ ಆ ಎಂಜಿನ್ 1963ರಲ್ಲಿ ಗುಜರಿಗೆ ಹೋಗುವುದರಲ್ಲಿತ್ತು. ಅಲನ್ ಪೆಗ್ಲರ್ ಎಂಬಾತ 3,000 ಪೌಂಡಿಗೆ ಕೊಂಡ. 1969ರಲ್ಲಿ ಅದನ್ನು ಅಮೆರಿಕೆಗೆ ಒಯ್ದ; ಸಾಲ ಬೆಳೆದು 1972ರಲ್ಲಿ ದಿವಾಳಿಯಾದ. ಮರುವರ್ಷ ಇನ್ನೊಬ್ಬ ಶ್ರೀಮಂತ, ವಿಲಿಯಂ ಮೆಕಾಲ್ಪೈನ್, ಅದನ್ನು ತಾಯ್ನಾಡಿಗೆ ತಂದ. ಕೈಯಿಂದ ಕೈಗೆ ಹಾದು 2004ರಲ್ಲಿ, ಸಾವಿರಾರು ಜನರು ಕೊಟ್ಟ ಕಾಣಿಕೆಯ ನೆರವಿನಿಂದ, ಅದು ರಾಷ್ಟ್ರದ ಸಂಗ್ರಹಾಲಯಕ್ಕೆ ಸೇರಿತು. ಆ ಮೇಲಿನ ದುರಸ್ತಿಗೆ ಹತ್ತು ವರ್ಷ ಹಿಡಿಯಿತು, 42 ಲಕ್ಷ ಪೌಂಡು ಖರ್ಚಾಯಿತು. 2016ರಲ್ಲಿ ಓಡಿದಾಗ ಹಳಿಯುದ್ದಕ್ಕೂ ಜನ ನಿಂತಿದ್ದರು.

ಇದು ಹುಚ್ಚಲ್ಲವೆ ಎಂದು ನೀವು ಕೇಳಬಹುದು. ನಮ್ಮ ಮನೆಗೆ ಗೀಜರ್ ಬಂದಾಗ ಬಂಬವನ್ನು ಮಾರುವ ಮಾತು ಬಂತು. ಹಳೆ ಸಾಮಾನಿನವನು ತಕ್ಕಡಿ ಹಿಡಿದು ಬಾಗಿಲಿಗೇ ಬಂದಿದ್ದ. ಮಗಳ ಕಾಲೇಜಿನ ಫೀ ಕಟ್ಟುವ ದಿನಗಳು, ರೊಕ್ಕ ಬೇಡವಾಗಿರಲಿಲ್ಲ. ನಮ್ಮ ಅತ್ತೆಯವರು ಹೇಳಿದ್ದು ಇಷ್ಟೇ: “ತೂಕಕ್ಕ ಹಾಕಿದರ ತಾಮ್ರದ ರೊಕ್ಕ ಬರತೈತಿ ಮಗಳ, ಮಾಡಿದವನ ಕೈಗೆಲಸದ್ದು ಬರೂದಿಲ್ಲ.” ತಕ್ಕಡಿಯವ ಬರಿಗೈಯಲ್ಲಿ ಹೋದ. ಫೀಗೆ ನನ್ನ ಬಳೆ ಗಿರವಿ ಹೋಯಿತು. ಬಂಬದ ಬೆಸುಗೆ ಹಾಕಿಸಲು ಮಾತ್ರ ಊರೆಲ್ಲ ಹುಡುಕಬೇಕಾಯಿತು. ಆ ಕೆಲಸ ಬಲ್ಲವರೇ ಉಳಿದಿರಲಿಲ್ಲ.

ಎಂಜಿನ್ನಿನ ವಿಷಯದಲ್ಲೂ ಕಠಿಣವಾದದ್ದು ಇದೇ. ಚಿತ್ತರಂಜನ್ ಕಾರ್ಖಾನೆ ಕೊನೆಯ ಉಗಿ ಎಂಜಿನ್ ಕಟ್ಟಿದ್ದು 1972ರಲ್ಲಿ. ಆಗ ಬಾಯ್ಲರ್ ಬಡಿಯುತ್ತಿದ್ದ ಕೈಗಳು ಒಂದೊಂದಾಗಿ ಮುದುಕಾದವು. ನಮ್ಮ ಶಹಾಪುರದಲ್ಲಿ ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಾಗಲೂ ಹೀಗೆಯೇ ಆಯಿತು. ಹಳೆಯ ಸೀರೆ ಪೆಟ್ಟಿಗೆಯಲ್ಲಿದೆ, ನೇಯ್ದವರ ಕೈ ಇಲ್ಲ. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ಸಂಗ್ರಹಾಲಯ ತೆರೆದಿದ್ದಾರೆ. ಮೈಸೂರಿನದು 1979ರಷ್ಟು ಹಳೆಯದು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಮನೆಯಲ್ಲಿ, ನೆರೆಯಲ್ಲಿ ಲೋಂಡಾದ ಹಾದಿಯಲ್ಲಿ ಕಲ್ಲಿದ್ದಲು ಹಾಕಿದ ಅಜ್ಜ ಯಾರಾದರೂ ಇದ್ದರೆ, ಹತ್ತಿರ ಕುಳಿತು ಉರಿ ಹೇಗೆ ಹೊತ್ತಿಸುತ್ತಿದ್ದಿರಿ ಎಂದು ಕೇಳಿ, ಒಂದು ವಹಿಯಲ್ಲಿ ಬರೆದಿಡಿ. ಆ ಕೆಲಸಕ್ಕೆ ಲಕ್ಷಗಟ್ಟಲೆ ಪೌಂಡು ಬೇಕಿಲ್ಲ.