ನಂದಿಬೆಟ್ಟದ ಹೆಸರು ಹೊತ್ತ ಬಾವುಟ ಯಾರಿಗೆ ಸೇರಬೇಕು?

ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೈಕಿನಲ್ಲಿ ನಂದಿಬೆಟ್ಟಕ್ಕೆ ಹೋಗಿ ಬರದವರು ಕಡಿಮೆ. ಸೂರ್ಯೋದಯ, ಮಂಜು, ಒಂದಿಷ್ಟು ಫೋಟೋ, ಬರುವಾಗ ದಾರಿಯಲ್ಲಿ ಇಡ್ಲಿ-ವಡೆ. ಅದೇ ಬೆಟ್ಟದ ಹೆಸರನ್ನು 'ನಂಡಿ ಡ್ರೂಗ್' ಅಂತ ತಿರುಚಿ, ರೇಷ್ಮೆ ಬಾವುಟದ ಮೇಲೆ ಬರೆಸಿಕೊಂಡು, ಐರ್ಲೆಂಡಿನ ಒಂದು ಪಟಾಲಂ ಮೆರೆಯುತ್ತಿತ್ತು ಅಂದರೆ ನಂಬುತ್ತೀರಾ? (ಅಂದ ಹಾಗೆ, ಈ 'ಪಟಾಲಂ' ಅನ್ನೋ ಪದವೂ ಅವರ 'ಬಟಾಲಿಯನ್' ನಮ್ಮ ಬಾಯಿಗೆ ಸಿಕ್ಕಿ ಆದದ್ದೇ. ತಿರುಚುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ :-))

ಆ ಪಟಾಲಂನ ಹೆಸರು ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್. ಹೆಸರಿನಲ್ಲಿ ಡಬ್ಲಿನ್ ಇದ್ದರೂ ಹುಟ್ಟಿದ್ದು ನಮ್ಮ ಕಡೆಯೇ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲೊಂದು, ಬಾಂಬೆಯಲ್ಲೊಂದು ಬಿಳಿಯರ ರೆಜಿಮೆಂಟು ಸಾಕಿಕೊಂಡಿತ್ತಲ್ಲ, ಅವೆರಡೇ ಇದರ ಅಪ್ಪ-ಅಮ್ಮ. ಮೂರನೇ ಮೈಸೂರು ಯುದ್ಧದಲ್ಲಿ, 1791ರ ಅಕ್ಟೋಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ನಂದಿದುರ್ಗವನ್ನು ಹಿಡಿದಾಗ ಮದ್ರಾಸಿನ ರೆಜಿಮೆಂಟು ಅಲ್ಲಿತ್ತು. 1857ರ ದಂಗೆಯ ನಂತರ ಕಂಪನಿ ಸೈನ್ಯ ರಾಣಿಯ ಕೈಗೆ ಹೋಯಿತು. 1881ರಲ್ಲಿ ಇವೆರಡನ್ನೂ ಸೇರಿಸಿ, ಡಬ್ಲಿನ್ ಅನ್ನೋ ಹೊಸ ಹೆಸರಿಟ್ಟು, ಐರ್ಲೆಂಡಿನ ಊರುಗಳಿಗೆ ಗಂಟು ಹಾಕಿದರು. ಹಳೆಯ ಗೆಲುವುಗಳ ಪಟ್ಟಿ ಮಾತ್ರ ಹಾಗೇ ಬಂತು. ಆರ್ಕಾಟ್, ಪ್ಲಾಸಿ, ಕರ್ನಾಟಿಕ್, ಮೈಸೂರು, ಶ್ರೀರಂಗಪಟ್ಟಣ, ನಂದಿದುರ್ಗ... ಡಬ್ಲಿನ್ನಿನ ಗಲ್ಲಿಯ ಬಡ ಹುಡುಗನೊಬ್ಬ ಹೊಟ್ಟೆಪಾಡಿಗೆ ಸೇರಿಕೊಂಡರೆ, ಅವನು ಕಂಡು ಕೇಳಿರದ ನಮ್ಮ ಊರುಗಳ ಹೆಸರುಗಳು ಅವನ ಪಿತ್ರಾರ್ಜಿತ!

ಈ ಪಿತ್ರಾರ್ಜಿತದ ಪಾಲು ಪಟ್ಟಿ ಮಾಡುವ ದಿನ ಬಂದದ್ದು 1922ರಲ್ಲಿ. ಹಿಂದಿನ ವರ್ಷ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಐರಿಶ್ ನಾಯಕರ ನಡುವೆ ಒಪ್ಪಂದವಾಗಿ, ಐರ್ಲೆಂಡಿನ ದಕ್ಷಿಣ ಭಾಗ ಬೇರೆ ರಾಜ್ಯವಾಗುವುದು ಖಚಿತವಾಗಿತ್ತು. ಜೊತೆಗೆ ಬ್ರಿಟನ್ನಿನ ಖಜಾನೆ ಖಾಲಿ. ಅಲ್ಲಿಂದ ಸೈನಿಕರನ್ನು ಸೇರಿಸಿಕೊಳ್ಳುತ್ತಿದ್ದ ಐದು ಕಾಲಾಳು ರೆಜಿಮೆಂಟುಗಳನ್ನು ಒಂದೇ ಏಟಿಗೆ ಮುಚ್ಚಿದರು: ಡಬ್ಲಿನ್, ಮನ್ಸ್ಟರ್, ಲೆನ್ಸ್ಟರ್, ಕನಾಟ್ ರೇಂಜರ್ಸ್ ಮತ್ತು ರಾಯಲ್ ಐರಿಶ್.

ಆಫೀಸಿನಲ್ಲಿ ಒಂದು ಪ್ರಾಜೆಕ್ಟ್ ಮುಚ್ಚಿದರೇ ಎಷ್ಟು ಗಲಾಟೆ! ಸರ್ವರ್ ಯಾರಿಗೆ, ಡಾಕ್ಯುಮೆಂಟು ಯಾರ ಹತ್ತಿರ, ಕೊನೆಗೆ ಆ ಕಾಫಿ ಮಶೀನು ಯಾವ ಟೀಮಿಗೆ. ಇನ್ನು ನೂರಾರು ವರ್ಷ ಬಾಳಿದ ರೆಜಿಮೆಂಟು ಅಂದರೆ ಕೇಳಬೇಕೆ? ಅದರ ಆಸ್ತಿಯೂ ಒಂದೇ ಬಗೆಯದಲ್ಲ. ಬಂದೂಕು, ಬ್ಯಾರಕ್ಕು ಸರ್ಕಾರದ್ದು, ಅದಕ್ಕೆ ಜಗಳವಿಲ್ಲ. ಬಾವುಟ ರಾಜನದ್ದು, ಅವನೇ ಕೊಟ್ಟದ್ದು, ಅವನಿಗೇ ವಾಪಸ್ಸು. ಆದರೆ ಅಧಿಕಾರಿಗಳ ಊಟದ ಮನೆಯ ಬೆಳ್ಳಿ ಸಾಮಾನು? ಅದು ಸರ್ಕಾರ ಕೊಡಿಸಿದ್ದಲ್ಲ. ತಲೆಮಾರುಗಳ ಅಧಿಕಾರಿಗಳು ಚಂದಾ ಎತ್ತಿ ಮಾಡಿಸಿದ್ದು, ಮದುವೆಗೋ ಬಡ್ತಿಗೋ ನೆನಪಿಗೆ ಕೊಟ್ಟದ್ದು. ಕೊಟ್ಟವರಲ್ಲಿ ಬಹುಪಾಲು ಜನ ಸತ್ತಿದ್ದಾರೆ. ಇದಕ್ಕೆ ವಾರಸುದಾರ ಯಾರು?

ಲೆನ್ಸ್ಟರ್ ರೆಜಿಮೆಂಟಿನವರು ಇದಕ್ಕೆ ಚೆಂದದ ಉತ್ತರ ಹುಡುಕಿದರು. ಅವರ ಒಂದು ಬೇರು ಕೆನಡಾದಲ್ಲಿತ್ತು. 1858ರಲ್ಲಿ ಅಲ್ಲಿ ಎತ್ತಿದ ಪಟಾಲಂ ಅದು. ಹಾಗಾಗಿ ಅವರ ಬೆಳ್ಳಿ ಕೆನಡಾಕ್ಕೆ ಹೋಯಿತು. ಬೇರು ಇದ್ದಲ್ಲಿಗೆ ಆಸ್ತಿ. ಇದೇ ಲೆಕ್ಕ ಹಿಡಿದರೆ ಡಬ್ಲಿನ್ ಫ್ಯುಸಿಲಿಯರ್ಸಿನದ್ದು ಮದ್ರಾಸಿಗೂ ಬಾಂಬೆಗೂ ಬರಬೇಕಿತ್ತು! ಬಂದಿದ್ದರೆ 1922ರಲ್ಲಿ, ಅಸಹಕಾರ ಚಳವಳಿಯ ಕಾವಿನಲ್ಲಿ, ನಮ್ಮವರು ಅದನ್ನು ಏನು ಮಾಡುತ್ತಿದ್ದರೋ ದೇವರೇ ಬಲ್ಲ.

ಬಾವುಟಗಳನ್ನು 1922ರ ಜೂನ್ 12ರಂದು ವಿಂಡ್ಸರ್ ಕೋಟೆಯ ಸೇಂಟ್ ಜಾರ್ಜ್ ಹಾಲಿನಲ್ಲಿ ಐದನೇ ಜಾರ್ಜ್ ದೊರೆಗೆ ಒಪ್ಪಿಸಿದರು. ಈ ಗೋಡೆಗಳ ಒಳಗೆ ಇವನ್ನು ಗೌರವದಿಂದ ಕಾಪಾಡುತ್ತೇನೆ ಅಂತ ದೊರೆ ಮಾತು ಕೊಟ್ಟ. ಸಾಮಾನ್ಯವಾಗಿ ಹಳೆಯ ಬಾವುಟಗಳನ್ನು ಊರಿನ ದೊಡ್ಡ ಚರ್ಚಿನಲ್ಲಿ ತೂಗುಹಾಕುವುದು ಅವರ ಪದ್ಧತಿ. ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್ಲಿನಲ್ಲಿ ಹಿಂದಿನ ಕಾಲದ ಐರಿಶ್ ಬಾವುಟಗಳಿವೆ ಕೂಡ. ಈ ಸಲ ಮಾತ್ರ ಊರಿಗೆ ಕೊಡಲಿಲ್ಲ.

ಮೊದಲು ಓದಿದಾಗ ಇದು ನನಗೆ ದರೋಡೆಯ ಹಾಗೆ ಕಂಡಿತು. ಆಮೇಲೆ ತಾರೀಖು ನೋಡಿದೆ. ಹದಿನಾರು ದಿನಕ್ಕೆ, ಜೂನ್ 28ಕ್ಕೆ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದ ಮೇಲೆ ಫಿರಂಗಿ ಹಾರಿ ಅಂತರ್ಯುದ್ಧ ಶುರು. ಜೂನ್ 30ಕ್ಕೆ ಅಲ್ಲಿದ್ದ ಸರ್ಕಾರಿ ದಫ್ತರಖಾನೆ ಸ್ಫೋಟಗೊಂಡು, ಶತಮಾನಗಳ ಕಾಗದಪತ್ರ ಬೂದಿಯಾಗಿ ಊರಿನ ಮೇಲೆ ಉದುರಿತು. ಹಾಗಂತ ವಿಂಡ್ಸರಿಗೆ ಒಯ್ದದ್ದೇ ಸರಿ ಅನ್ನಲೂ ಮನಸ್ಸು ಬರುವುದಿಲ್ಲ. ಬಾವುಟ ಉಳಿಯಿತು ನಿಜ, ಆದರೆ ಅದರ ಕೆಳಗೆ ಸತ್ತವರ ಅಮ್ಮಂದಿರು ಸಮುದ್ರ ದಾಟದೆ ಅದನ್ನು ನೋಡುವ ಹಾಗಿರಲಿಲ್ಲ.

ಅವರ ಕಥೆಯೇ ಬೇರೆ. ಮೊದಲ ಮಹಾಯುದ್ಧದಲ್ಲಿ ಈ ರೆಜಿಮೆಂಟಿನ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು. 1916ರ ಏಪ್ರಿಲ್ ಕೊನೆಯಲ್ಲಿ ಫ್ರಾನ್ಸಿನ ಹುಲುಕ್‌ನಲ್ಲಿ ಇವರು ಜರ್ಮನರ ವಿಷಾನಿಲದಲ್ಲಿ ಉಸಿರುಗಟ್ಟುತ್ತಿದ್ದ ವಾರವೇ, ಡಬ್ಲಿನ್ನಿನಲ್ಲಿ ಸ್ವಾತಂತ್ರ್ಯಕ್ಕಾಗಿ ಬಂಡೆದ್ದವರ ಮೇಲೆ ಇದೇ ರೆಜಿಮೆಂಟಿನ ಇನ್ನೊಂದು ತುಕಡಿ ಗುಂಡು ಹಾರಿಸುತ್ತಿತ್ತು. ಹೊಸ ದೇಶ ಬಂಡೆದ್ದವರನ್ನು ಹುತಾತ್ಮರೆಂದಿತು. ಸಿಪಾಯಿಗಳ ಪದಕಗಳು ಅಲಮಾರಿಯ ತಳ ಸೇರಿದವು. ಬೋಯರ್ ಯುದ್ಧದಲ್ಲಿ ಸತ್ತವರ ನೆನಪಿಗೆ 1907ರಲ್ಲಿ ಕಟ್ಟಿದ್ದ ಕಮಾನಿಗೆ 'ದ್ರೋಹಿಗಳ ಬಾಗಿಲು' ಅಂತ ಮೊದಲೇ ಅಡ್ಡಹೆಸರಿತ್ತು. 1996ರಲ್ಲಿ ಡಬ್ಲಿನ್ನಿನಲ್ಲಿ ಈ ರೆಜಿಮೆಂಟಿನ ಹೆಸರಿನಲ್ಲೊಂದು ಸಂಘ ಹುಟ್ಟಿತು. ಜನ ಅಜ್ಜಂದಿರ ಪತ್ರ, ಫೋಟೋ ಹೊರತೆಗೆದರು. ಸಂಘದ ಸಂಗ್ರಹ ಡಬ್ಲಿನ್ನಿನ ನಗರ ಗ್ರಂಥಾಲಯ ಸೇರಿತು. ಬೆಳ್ಳಿ ತಟ್ಟೆಗಿಂತ ಇದೇ ದೊಡ್ಡ ಆಸ್ತಿ ಅನ್ನುವುದು ನನ್ನ ಅಭಿಪ್ರಾಯ. ನೀವು ಒಪ್ಪಲೇಬೇಕೆಂದಿಲ್ಲ.

ನಮ್ಮ ಪಾಲಿನ ಲೆಕ್ಕ? ನಮ್ಮನ್ನೇ ಗೆದ್ದ ಯುದ್ಧಗಳನ್ನು ಭಾರತೀಯ ಸೇನೆ ಸ್ವಾತಂತ್ರ್ಯದ ನಂತರ ಹೆಮ್ಮೆಯ ಪಟ್ಟಿಯಿಂದ ಹೊರಗಿಟ್ಟಿತು. ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನವರಿಗೆ ಶ್ರೀರಂಗಪಟ್ಟಣದ ಗೌರವ ಸಿಕ್ಕಿತ್ತು, ಆದರೆ ಅದಕ್ಕೆ ಈಗ ಹಬ್ಬ ಮಾಡುವ ಹಾಗಿಲ್ಲ. ಚರಿತ್ರೆ ಅಳಿಸಲಿಲ್ಲ, ಮೆರವಣಿಗೆ ನಿಲ್ಲಿಸಿದರು, ಅಷ್ಟೇ. ನನಗೆ ಇದು ಸರಿ ಅನ್ನಿಸುತ್ತದೆ.

ಮದ್ರಾಸಿನವರು ಇದನ್ನು ಇನ್ನೂ ಮೊದಲೇ ಮಾಡಿದ್ದರು. 1857ರಲ್ಲಿ ಈ ಮದ್ರಾಸ್ ಫ್ಯುಸಿಲಿಯರ್ಸಿನ ನಾಯಕ ಜೇಮ್ಸ್ ನೀಲ್. ಅಲಹಾಬಾದಿನಲ್ಲಿ, ಕಾನ್ಪುರದಲ್ಲಿ ಅವನು ಮಾಡಿದ ಕ್ರೌರ್ಯ ಕುಖ್ಯಾತ. ಲಖನೌದಲ್ಲಿ ಸತ್ತ ಅವನಿಗೆ ಮೌಂಟ್ ರೋಡಿನಲ್ಲಿ ಪ್ರತಿಮೆ ನಿಲ್ಲಿಸಿದರು. 1927ರಲ್ಲಿ ಜನ ಅದರ ವಿರುದ್ಧ ಸತ್ಯಾಗ್ರಹ ಹೂಡಿ ಜೈಲಿಗೆ ಹೋದರು. ಹತ್ತು ವರ್ಷದ ಮೇಲೆ, ರಾಜಾಜಿ ಅಧಿಕಾರಕ್ಕೆ ಬಂದಾಗ, ಅದನ್ನು ರಸ್ತೆಯಿಂದ ತೆಗೆಸಿದರು. ಒಡೆದು ಹಾಕಲಿಲ್ಲ. ಈಗ ಅದು ಎಗ್ಮೋರಿನ ಮ್ಯೂಸಿಯಂನಲ್ಲಿದೆ. ಚೆನ್ನೈ ಕಡೆ ಹೋದವರು ನೋಡಿ ಬನ್ನಿ, ಒಂದು ಫೋಟೋ ನನಗೂ ಕಳಿಸಿ.