ಭೀಮಾ ಸೀಮೆಯ ಕಲ್ಲು, ನಮ್ಮ ಶಾಲೆಯ ನೆಲ

ಮಂಡಕಳ್ಳಿಯಲ್ಲಿ ನಿಂತು ನೋಡಿದರೆ ಚಾಮುಂಡಿ ಬೆಟ್ಟ ಕಾಣುತ್ತದೆ. ಆ ಬೆಟ್ಟ ಗ್ರಾನೈಟು. ಬೆಟ್ಟದ ನಂದಿಯನ್ನು ಕಡೆದದ್ದು ಅಲ್ಲಿಯ ಬಂಡೆಯಲ್ಲೇ. ನಮ್ಮ ಸುತ್ತಿನ ಊರುಗಳ ಕಂಬ, ಮೆಟ್ಟಿಲು, ಒರಳು, ಬೀಸುವ ಕಲ್ಲು ಎಲ್ಲವೂ ಇಂಥ ಗಟ್ಟಿ ಕಲ್ಲಿನವೇ. ಆದರೆ ನಮ್ಮ ಶಾಲೆಯ ಹಳೆಯ ಕೊಠಡಿಗಳಲ್ಲಿ ಹಾಸಿರುವ ಬೂದು ಬಣ್ಣದ ಚಪ್ಪಡಿ ಈ ನೆಲದ್ದಲ್ಲ. ಅದು ಶಹಾಬಾದ್ ಕಲ್ಲು, ಅಂದರೆ ಸುಣ್ಣದ ಕಲ್ಲು. ಸುವರ್ಣ ಮಹೋತ್ಸವದ ನೆನಪಿಗೆ ಅದನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸೋಣ ಎಂಬ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಕಟ್ಟಡದ ಕೆಲಸದಲ್ಲೇ ಬದುಕು ಕಳೆದವನಾದ್ದರಿಂದ, ಅದಕ್ಕೂ ಮೊದಲು ಈ ಕಲ್ಲಿನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆನಿಸಿತು.

ಕಲಬುರಗಿ, ಯಾದಗಿರಿ ಜಿಲ್ಲೆಗಳ ಭೀಮಾ ಸೀಮೆಯಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಅಂಶ ಪದರ ಪದರವಾಗಿ ಕೂತು ಕಲ್ಲಾಯಿತು. ಪದರದ ಸಂದಿಗೆ ಉಳಿ, ಹಾರೆ ಹಾಕಿ ಮೀಟಿದರೆ ಚಪ್ಪಡಿಯಾಗಿ ಏಳುತ್ತದೆ. ಗ್ರಾನೈಟು ಹೀಗೆ ಸುಲಭವಾಗಿ ತೆಳ್ಳಗೆ ಸೀಳುವುದಿಲ್ಲ. ಸಾಮಾನ್ಯರ ನೆಲಕ್ಕೆ ಶಹಾಬಾದ್ ಕಲ್ಲು ಒಗ್ಗಿದ್ದು ಈ ಗುಣದಿಂದ.

ಆ ಸೀಮೆಯವರಿಗೆ ಇದರ ಬೆಲೆ ಎರಡು ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಗೆದಾಗ ದೊರೆತ ಬೌದ್ಧ ಸ್ತೂಪದ ಶಿಲ್ಪಗಳು ಸುಣ್ಣದ ಕಲ್ಲಿನವು. ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೆತ್ತಿರುವ ಅಶೋಕನ ಶಿಲ್ಪವೂ ಅದರಲ್ಲಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಗೂ ಆ ಸೀಮೆಯ ಕಲ್ಲನ್ನೇ ಬಳಸಿದ್ದಾರೆ.

ಕಲ್ಲು ದೂರದ ಊರುಗಳಿಗೆ ಹೊರಡಲು ರೈಲು ಬರಬೇಕಾಯಿತು. ಮುಂಬಯಿ ಕಡೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಆ ದಾರಿ ಶಹಾಬಾದಿನ ಮೇಲೇ ಹೋಗುತ್ತದೆ. ಊರಿನ ಹೆಸರೇ ಕಲ್ಲಿನ ಹೆಸರಾಯಿತು. ಆಗ ಅದು ನಿಜಾಮರ ಸೀಮೆ. ನಮ್ಮದು ಮೈಸೂರು ಮಹಾರಾಜರ ಸೀಮೆ. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಗಾರೆ ಮತ್ತು ರೆಡ್ ಆಕ್ಸೈಡ್ ನೆಲಕ್ಕೆ ಒಗ್ಗಿದ್ದ ನಮ್ಮ ಕಡೆಯಲ್ಲೂ ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಶಹಾಬಾದ್ ಕಲ್ಲು ಕಾಣಿಸಿಕೊಂಡಿತು.

ಆದರೆ ಒಳ್ಳೆಯ ಕಲ್ಲೆಂದು ಎಲ್ಲೆಂದರಲ್ಲಿ ಹಾಸುವಂತಿಲ್ಲ. ಸುಣ್ಣದ ಕಲ್ಲಿಗೆ ಹುಳಿ ಆಗದು. ಪ್ರಯೋಗಾಲಯದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಒಂದು ತೊಟ್ಟು ಬಿಟ್ಟರೆ ನೊರೆಯುಕ್ಕುತ್ತದೆ. ಗ್ರಾನೈಟಿನ ಮೇಲೆ ಉಕ್ಕುವುದಿಲ್ಲ. ಅಡುಗೆ ಮನೆಯ ಕಡಪ ಕಲ್ಲೂ ಇದೇ ಜಾತಿ. ನಿಂಬೆಹಣ್ಣು ಹೆಚ್ಚಿದ ಜಾಗದಲ್ಲಿ ಬಿಳಿ ಕಲೆ ಉಳಿಯುವುದನ್ನು ಎಲ್ಲ ತಾಯಂದಿರೂ ಕಂಡಿರುತ್ತಾರೆ. ಆದ್ದರಿಂದ ಬಿಸಿಯೂಟದ ಕೋಣೆ, ರಸಾಯನಶಾಸ್ತ್ರದ ಪ್ರಯೋಗಾಲಯ, ಆಸಿಡ್ ಹಾಕಿ ತೊಳೆಯುವ ಶೌಚಾಲಯ ಇವುಗಳಿಗೆ ಗ್ರಾನೈಟೇ ಸರಿ. ತರಗತಿಗೆ, ಜಗಲಿಗೆ ಶಹಾಬಾದ್ ಸಾಕು.

ಕಲ್ಲು ತರಿಸುವಾಗ ಬರಿಯ ‘ಶಹಾಬಾದ್ ಕಲ್ಲು’ ಎಂದು ಬರೆದರೆ ಸಾಲದು. ಅಳತೆ, ದಪ್ಪ, ಬಣ್ಣ, ಮೇಲ್ಮೈ ಒರಟೋ ಪಾಲಿಶೋ, ಅಂಚು ಕೈಕೆಲಸದ್ದೋ ಯಂತ್ರದಲ್ಲಿ ಕೊಯ್ದದ್ದೋ ಎಂಬುದನ್ನು ಕಾಗದದಲ್ಲಿ ಕಾಣಿಸಬೇಕು. ಸುಣ್ಣಕಲ್ಲಿನ ಚಪ್ಪಡಿಗೆಂದೇ ಭಾರತೀಯ ಮಾನಕ 1128 ಇದೆ, ಅದರಂತಿರಬೇಕೆಂದು ಸೇರಿಸಬೇಕು. ಒಂದು ಮಾದರಿ ಕಲ್ಲನ್ನು ಒಪ್ಪಿ ಎತ್ತಿಟ್ಟುಕೊಂಡು, ಬಂದ ಲೋಡನ್ನು ಅದರೊಡನೆ ಹೋಲಿಸಬೇಕು. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಮಂಕಾಗಿರುತ್ತದೆ.

ನಮ್ಮ ಕೊಠಡಿಗಳಲ್ಲಿ ಕೆಲವು ಚಪ್ಪಡಿ ಒಡೆದಿರುವುದು ನಿಜ. ಆದರೆ ಒಡೆದದ್ದು ಹೆಚ್ಚಾಗಿ ಬೆಂಚಿನ ಕಾಲು ಊರುವ ಕಡೆ, ಕೆಳಗೆ ಗಾರೆ ಪೊಳ್ಳಾದಲ್ಲಿ. ಅಂಥ ಕಡೆ ಟೈಲ್ಸ್ ಹಾಕಿದರೂ ಒಡೆಯುತ್ತದೆ. ಅಲುಗಾಡುವ ಕಲ್ಲನ್ನು ಎತ್ತಿ, ತಳ ಗಟ್ಟಿ ಮಾಡಿ ಮತ್ತೆ ಕೂರಿಸಬಹುದು, ಒಡೆದವನ್ನಷ್ಟೇ ಬದಲಿಸಬಹುದು. ಸವೆದ ಮೇಲ್ಮೈಯನ್ನು ಯಂತ್ರದಿಂದ ಉಜ್ಜಿಸಿದರೆ ಹೊಸತಾಗುತ್ತದೆ, ಏಕೆಂದರೆ ಮೇಲಿನಿಂದ ಕೆಳಗಿನವರೆಗೂ ಅದು ಒಂದೇ ಕಲ್ಲು. ಟೈಲ್ಸಿನ ಹೊಳಪು ಹೋದರೆ ಬದಲಿಸುವುದೊಂದೇ ದಾರಿ. ಮಳೆಗಾಲದಲ್ಲಿ ಒದ್ದೆ ಕಾಲಿನ ಮಕ್ಕಳು ಅದರ ಮೇಲೆ ಜಾರುವ ಭಯ ಬೇರೆ.

ಈ ಕೆಲಸದಲ್ಲಿ ಉಳಿಯುವ ಹಣದಿಂದ ಬಿಸಿಯೂಟದ ಕೋಣೆಗೂ ಪ್ರಯೋಗಾಲಯಕ್ಕೂ ಗ್ರಾನೈಟು ಹಾಕಿಸೋಣ ಎಂಬುದು ನನ್ನ ಸಲಹೆ. ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಯವರೂ ಟೈಲ್ಸ್‌ಗೆ ಮುಂಗಡ ಕೊಡುವ ಮೊದಲು, ಅನುಭವಿ ಮೇಸ್ತ್ರಿಯೊಬ್ಬರಿಂದ ನೆಲವನ್ನೊಮ್ಮೆ ತಟ್ಟಿ ನೋಡಿಸಬೇಕೆಂದು ಕೋರುತ್ತೇನೆ.