ಹೃದಯ ಶಸ್ತ್ರಚಿಕಿತ್ಸೆಯ ನಂತರ ಎದೆಗೂಡಿನ ಸೋಂಕು: ಅಪಾಯ ಯಾರಿಗೆ ಹೆಚ್ಚು?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹೃದ್ರೋಗಿಗಳು ಬೈಪಾಸ್ ಅಥವಾ ಕವಾಟದ ಶಸ್ತ್ರಚಿಕಿತ್ಸೆಗೆ ಬಹುಮಟ್ಟಿಗೆ ಬೆಂಗಳೂರು ನಗರವನ್ನೇ ನೆಚ್ಚಿಕೊಂಡಿದ್ದಾರೆ. ಸರ್ಕಾರಿ ಸ್ವಾಯತ್ತ ಸಂಸ್ಥೆಯಾದ ಜಯದೇವ ಹೃದ್ರೋಗ ಆಸ್ಪತ್ರೆ ಬನ್ನೇರುಘಟ್ಟ ರಸ್ತೆಯಲ್ಲಿದೆ. ನಾರಾಯಣ ಹೃದಯಾಲಯ ಇನ್ನೂ ದಕ್ಷಿಣಕ್ಕೆ, ಬೊಮ್ಮಸಂದ್ರದಲ್ಲಿದೆ. ದೊಡ್ಡಬಳ್ಳಾಪುರದವರಿಗೆ ಇವೆರಡೂ ನಗರದ ಆಚೆ ತುದಿ. ಶಸ್ತ್ರಚಿಕಿತ್ಸೆಯ ಗಂಭೀರ ತೊಡಕುಗಳಲ್ಲೊಂದಾದ ಎದೆಗೂಡಿನ ಆಳದ ಸೋಂಕು ಅನೇಕ ವೇಳೆ ರೋಗಿ ಮನೆಗೆ ಮರಳಿದ ಮೇಲೆಯೇ ತಲೆದೋರುವುದರಿಂದ ಈ ದೂರ ಗಣನೆಗೆ ಬರುತ್ತದೆ.

ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಎದೆಯ ನಡುವಣ ಚಪ್ಪಟೆ ಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಬಳಿಕ ಉಕ್ಕಿನ ತಂತಿಗಳಿಂದ ಬಿಗಿಯಲಾಗುತ್ತದೆ. ಬ್ಯಾಕ್ಟೀರಿಯಾ ಚರ್ಮದ ಗಾಯವನ್ನು ದಾಟಿ ಮೂಳೆಗೂ ಅದರ ಹಿಂದಿನ ಅವಕಾಶಕ್ಕೂ ಹಬ್ಬಿದರೆ ಅದನ್ನು ಮೀಡಿಯಾಸ್ಟಿನೈಟಿಸ್ ಎನ್ನುತ್ತಾರೆ. ಇದು ನೂರರಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು. ಆದರೆ ಬಂದರೆ ಪ್ರಾಣಾಪಾಯ.

ಅಪಾಯದ ಪಟ್ಟಿಯಲ್ಲಿ ಮೊದಲ ಹೆಸರು ಮಧುಮೇಹದ್ದು. ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ, ಗಾಯ ಕೂಡುವುದೂ ನಿಧಾನ. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇನ್ಸುಲಿನ್ ಅನ್ನು ನಿರಂತರವಾಗಿ ರಕ್ತನಾಳಕ್ಕೆ ಹನಿಸಿದ ಮಧುಮೇಹಿಗಳಲ್ಲಿ ಆಳದ ಸೋಂಕಿನ ಪ್ರಮಾಣ ಶೇ 2ರಿಂದ ಶೇ 0.8ಕ್ಕೆ ಇಳಿದಿತ್ತು. ಸಕ್ಕರೆಯನ್ನು 180 ಮಿಲಿಗ್ರಾಂ ಒಳಗೆ ಇರಿಸುವುದು ಇಂದು ರೂಢಿಯಲ್ಲಿರುವ ಗುರಿ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಸಿಹಿ ಬಿಟ್ಟರೆ ಸಾಕೆಂಬ ಭಾವನೆ ಮಾತ್ರ ತಪ್ಪು. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕವನ್ನೇ ಬಯಲು ಮಾಡುತ್ತದೆ.

ಸ್ಥೂಲಕಾಯವೂ ಅಷ್ಟೇ ಮುಖ್ಯ ಕಾರಣ. ಬೀಡಿ, ಸಿಗರೇಟು ಸೇದುವವರಲ್ಲಿ ಅಂಗಾಂಶಕ್ಕೆ ಆಮ್ಲಜನಕ ಕಡಿಮೆಯಾಗುವುದರ ಜತೆಗೆ ಕೆಮ್ಮು ಹೊಲಿದ ಮೂಳೆಯನ್ನು ಮತ್ತೆ ಮತ್ತೆ ಅಲುಗಿಸುತ್ತದೆ. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕೆಂಬ ಸಲಹೆಗೆ ಕಾರಣ ಇದೇ. ಮೂತ್ರಪಿಂಡ ವೈಫಲ್ಯ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಸ್ಟಿರಾಯ್ಡ್ ಸೇವನೆ, ಇಳಿವಯಸ್ಸು ಉಳಿದ ಕಾರಣಗಳು.

ಕೆಲವು ಅಪಾಯಗಳು ಶಸ್ತ್ರಚಿಕಿತ್ಸೆಯಲ್ಲೇ ಅಡಗಿವೆ. ಬೈಪಾಸ್‌ಗೆ ಬಳಸುವ ಎದೆಗೋಡೆಯ ಒಳ ಅಪಧಮನಿಗಳೇ ಎದೆಮೂಳೆಗೂ ರಕ್ತ ಉಣಿಸುತ್ತವೆ. ಸ್ಥೂಲಕಾಯದ ಮಧುಮೇಹಿಯಲ್ಲಿ ಎಡ, ಬಲ ಎರಡನ್ನೂ ತೆಗೆದರೆ ಮೂಳೆ ಸೊರಗುತ್ತದೆ. ರಕ್ತಸ್ರಾವಕ್ಕಾಗಿ ಎದೆಯನ್ನು ಮತ್ತೆ ತೆರೆಯುವುದು, ಹೆಚ್ಚು ರಕ್ತ ಪಡೆಯುವುದು, ಬಹುದಿನ ವೆಂಟಿಲೇಟರ್‌ನಲ್ಲಿರುವುದು ಸಹ ಅಪಾಯವನ್ನು ಹೆಚ್ಚಿಸುತ್ತವೆ. ಅನೇಕರ ಮೂಗಿನಲ್ಲೇ ನೆಲೆಸಿರುವ ಸ್ಟೆಫಿಲೊಕಾಕಸ್ ಔರಿಯಸ್ ಈ ಸೋಂಕಿನ ಪ್ರಮುಖ ಬ್ಯಾಕ್ಟೀರಿಯಾ. ಅದಕ್ಕೆಂದೇ ಮೂಗಿಗೆ ಮ್ಯುಪಿರೊಸಿನ್ ಮುಲಾಮು ಹಚ್ಚುವ ಪದ್ಧತಿಯಿದೆ. ಎದೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡು ಹೋಗಬಾರದು. ಕಣ್ಣಿಗೆ ಕಾಣದ ಗೀರುಗಳೇ ಸೋಂಕಿಗೆ ದಾರಿ.

ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಹಾಲಿನ ಕ್ಯಾನು ಎತ್ತುವುದು, ನೀರು ಹೊರುವುದು, ಬೈಕ್ ಓಡಿಸುವುದು ಅಲ್ಲಿಯವರೆಗೆ ಸಲ್ಲದು. ನೋವು ತಗ್ಗುವ ಬದಲು ಹೆಚ್ಚುವುದು, ಜ್ವರ, ಗಾಯದಿಂದ ನೀರು ಅಥವಾ ಕೀವು ಒಸರುವುದು, ಕೆಮ್ಮಿದಾಗ ಎದೆಯಲ್ಲಿ 'ಕಟ್' ಎಂಬ ಸದ್ದು: ಇವುಗಳಲ್ಲಿ ಒಂದು ಕಂಡರೂ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಅಂದೇ ತಿಳಿಸಬೇಕು. ಊರಿನ ಔಷಧ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವುದು ಬೇಡ. ಕೀವಿನ ಪರೀಕ್ಷೆಗೆ ಮೊದಲೇ ಔಷಧ ಬಿದ್ದರೆ ಯಾವ ಬ್ಯಾಕ್ಟೀರಿಯಾ ಎಂಬುದೇ ತಿಳಿಯದೆ ಹೋಗಬಹುದು. ಆಳಕ್ಕಿಳಿದ ಸೋಂಕಿಗೆ ಎದೆಯನ್ನು ಮತ್ತೆ ತೆರೆದು ಕೊಳೆತ ಭಾಗ ತೆಗೆಯುವುದು, ಅಗತ್ಯ ಬಿದ್ದರೆ ಎದೆಯ ಸ್ನಾಯುವಿನಿಂದ ಮುಚ್ಚುವುದು, ವಾರಗಟ್ಟಲೆ ರಕ್ತನಾಳದ ಮೂಲಕ ಔಷಧ ಕೊಡುವುದು ಅನಿವಾರ್ಯವಾಗುತ್ತದೆ.